ಗೇಟಿನಲ್ಲಿ ತೆಗೆಸಿದ ಶಾಲು, ವೇದಿಕೆಯಲ್ಲಿ ಹೊದಿಸಿದ ಶಾಲು

ನಮ್ಮ ಕ್ಷೇತ್ರದ ಶಾಸಕರಿಗೆ,

ಮಾನ್ಯರೇ, ನಮಸ್ಕಾರ.

ಮೊನ್ನೆಯ ಸಮಾರಂಭಕ್ಕೆ ನಮ್ಮೂರಿನಿಂದಲೂ ರೈತರು ಬಂದಿದ್ದೆವು. ಗೇಟಿನಲ್ಲೇ ಪೊಲೀಸರು ಹಸಿರು ಶಾಲು ತೆಗೆಸಿದರು. ಹಿರಿಯರೊಬ್ಬರು ತಮ್ಮದನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಳ್ಳಲು ಹೋದರೆ ಅದನ್ನೂ ಇಸಿದುಕೊಂಡರು. ಒಳಗೆ ವೇದಿಕೆಯಲ್ಲಿ ನಿಮಗೆ ಹೊದಿಸಿದ್ದೂ ಹಸಿರು ಶಾಲೇ, ಅಂಚಿಗೆ ಜರಿ ಇತ್ತು. ಅದನ್ನು ಹೊದ್ದೇ ನೀವು "ನಾನೂ ರೈತನ ಮಗ" ಎಂದಿರಿ. ಪ್ರತಿಭಟನೆ ಮಾಡಿಯಾರೆಂಬ ಅಂಜಿಕೆಗೆ ನಮ್ಮ ಹೆಗಲು ಬರಿದು ಮಾಡಿಸಿದ್ದು ತಪ್ಪು. ಮುಂದೆ ಹೀಗಾಗದಂತೆ ಪೊಲೀಸರಿಗೆ ನೀವೇ ಹೇಳಬೇಕು.

ಆ ಶಾಲು ಬಂದ ದಾರಿ ನಿಮಗೆ ಗೊತ್ತಿದ್ದೀತು. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರ ಕಟ್ಟುವುದಿಲ್ಲವೆಂದು ಎದ್ದರು. ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಗಿ ರೈತರು ಜೀವ ಬಿಟ್ಟರು. ಆ ಕಿಚ್ಚಿನಲ್ಲೇ ರಾಜ್ಯ ರೈತ ಸಂಘ ಹುಟ್ಟಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರಂಥವರ ಮುಂದಾಳತ್ವದಲ್ಲಿ ಹಸಿರು ಶಾಲು ಹಳ್ಳಿಹಳ್ಳಿಗೂ ಬಂತು. ಕಚೇರಿಗಳಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವನು ಅದನ್ನು ಹೆಗಲಿಗೇರಿಸಿದ ಮೇಲೆ ಎದುರು ನಿಂತು ಮಾತಾಡಿದ. ಓದು ಬಾರದವನಿಗೂ ಅದು ಮನವಿಪತ್ರವಾಯಿತು. 2018ರಲ್ಲಿ ಯಡಿಯೂರಪ್ಪನವರು ಹಸಿರು ಶಾಲು ಹೊದ್ದೇ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಈಗ ಎಲ್ಲ ಪಕ್ಷಗಳ ವೇದಿಕೆಗೂ ಅದು ಬೇಕು. ಬೇಕಾಗಲಿ, ತಕರಾರಿಲ್ಲ. ಆದರೆ ಹೊದ್ದವರ ಮೇಲೆ ಸತ್ತವರ ಋಣ ಬೀಳುತ್ತದೆ.

ನಿಮ್ಮ ಪಾಲಿಗೆ ಆ ಋಣ ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ. ಹೂಳು ತುಂಬಿ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋಯಿತು. ಇವಕ್ಕೆಲ್ಲ ನಿಮ್ಮೊಬ್ಬರನ್ನೇ ದೂರುವುದಿಲ್ಲ. ಆದರೆ ಮೇಲ್ಭಾಗದಲ್ಲಿ ಕಾಲುವೆಗೆ ಪೈಪು ಇಳಿಸಿ, ಪಂಪ್‌ಸೆಟ್ ಹಚ್ಚಿ ನೀರೆತ್ತುವುದನ್ನು ನಿಲ್ಲಿಸಲು ಆಣೆಕಟ್ಟು ದುರಸ್ತಿಯಾಗುವ ತನಕ ಕಾಯಬೇಕಿಲ್ಲ. ಕಾಲುವೆಯ ಮೈಲ್ 104ರಲ್ಲಿ ನೀರಿನ ಮಟ್ಟ ಅಳೆಯುವ ಗೇಜ್‌ನಲ್ಲಿ ನೀರು ಇಳಿದರೆ ಮಾನ್ವಿ, ಸಿರವಾರ, ರಾಯಚೂರು ಭಾಗದ ಬೆಳೆ ತೆನೆ ಕಟ್ಟುವ ಹೊತ್ತಿಗೇ ಒಣಗುತ್ತದೆ. ಆಗ ರೈತ ಕಾಲುವೆ ಬಿಟ್ಟು ರಸ್ತೆಗೆ ಬಂದು ಕೂರುತ್ತಾನೆ, ಹೆಗಲ ಮೇಲೆ ಅದೇ ಶಾಲು.

ಮುಂದಿನ ನೀರಾವರಿ ಸಲಹಾ ಸಮಿತಿ ಸಭೆಗೆ ದಯವಿಟ್ಟು ಹಸಿರು ಶಾಲು ಹೊದ್ದೇ ಹೋಗಿ. ಮೈಲ್ 104ರಲ್ಲಿ ಎಷ್ಟು ಅಡಿ ನೀರು, ಎಲ್ಲಿಯ ತನಕ ನಿಲ್ಲಬೇಕೆಂದು ನಡಾವಳಿಯಲ್ಲಿ ಬರೆಸಿ. ಅದರ ಪ್ರತಿಯನ್ನು ಕೊನೆ ಭಾಗದ ಪ್ರತಿ ಗ್ರಾಮ ಪಂಚಾಯಿತಿಗೂ ಕಳಿಸಿ. ಗೇಜ್ ನೋಡಿ ದಿನಾ ನಿಮಗೆ ತಿಳಿಸುವ ಕೆಲಸ ನಮ್ಮದು.

ಇಂತಿ,
ಎಡದಂಡೆ ಕೊನೆ ಭಾಗದ ಒಬ್ಬ ರೈತ
ರಾಯಚೂರು ಜಿಲ್ಲೆ