ಬಸು, ನಾನು ಕಾಯುವುದು ಆ ಇಬ್ಬರು ಹಿರಿಯರಿಗಾಗಿ

ಪ್ರೀತಿಯ ಬಸು,

ರಾತ್ರಿ ಹೊತ್ತು ಏನು ನೋಡುತ್ತೀಯ ಅಂತ ಕೇಳಿದೆಯಲ್ಲ. ದ್ರಾಕ್ಷಿತೋಟದ ಪ್ರೇಮಕಥೆ ಅಂದರೆ ನೀನು ನಂಬಲೇ ಇಲ್ಲ. ನಿಜವಾಗಿಯೂ ಅವೇ ಕಣೋ. ಇಲ್ಲಿ ಅಮೆರಿಕದಲ್ಲಿ ಹಾಲ್‌ಮಾರ್ಕ್ ಅಂತ ಒಂದು ಚಾನೆಲ್ ಇದೆ. ಟೀವಿಗೆಂದೇ ಸಿನಿಮಾ ಮಾಡುತ್ತಾರೆ. ಎರಡು ಮನೆತನ, ಎರಡೂ ವೈನ್ ಮಾಡುವವು, ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡುವುದಿಲ್ಲ. ಒಂದು ಮನೆಯ ಹುಡುಗಿಗೂ ಇನ್ನೊಂದು ಮನೆಯ ಹುಡುಗನಿಗೂ ಪ್ರೀತಿಯಾಗುತ್ತದೆ. ನಮ್ಮ ಲಕ್ಷ್ಮಿ ಟಾಕೀಸಿನ ಬಾಲ್ಕನಿಯಲ್ಲಿ ಕೂತು ನೀನು ಮುಂದಿನ ಡೈಲಾಗ್ ಹೇಳುತ್ತಿದ್ದೆಯಲ್ಲ, ಅಷ್ಟು ಸಲೀಸಾಗಿ ಮುಂದಿನದು ಗೊತ್ತಾಗುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು 2016ರಲ್ಲಿ ಬಂದ ‘ಆಟಮ್ ಇನ್ ದ ವಿನ್‌ಯಾರ್ಡ್’. ಅದೇ ಜೋಡಿಯ ಕಥೆ 2017ರಲ್ಲಿ, 2019ರಲ್ಲಿ ಮುಂದುವರಿಯಿತು. ರೇಚಲ್ ಲೀ ಕುಕ್ ಮತ್ತು ಬ್ರೆಂಡನ್ ಪೆನ್ನಿ ಇದ್ದಾರೆ. ಅವಳು ಬಾಲ್ಡ್ವಿನ್ ಮನೆಯವಳು, ಅವನು ಡಿಲೂಕಾ ಮನೆಯವನು. ಒಂದೇ ತೋಟ ನನ್ನದು ಅಂತ ಇಬ್ಬರೂ ಬರುತ್ತಾರೆ. ನಮ್ಮ ವಿಜಯಪುರದ ಕಡೆ ಹೀಗಾದರೆ ಉತಾರ, ಸರ್ವೆ, ವಕೀಲರು ಅಂತ ಎರಡು ತಲೆಮಾರು ಸವೆದುಹೋಗುತ್ತದೆ. ಅಲ್ಲಿ ಒಂದೂವರೆ ಗಂಟೆಯಲ್ಲಿ ಎಲ್ಲ ಸರಿಹೋಗುತ್ತದೆ.

ತೋಟದಲ್ಲಿ ಬೆಳೆದವರಿಗೆ ಸಿನಿಮಾದ ತಪ್ಪುಗಳು ಕಾಣದೆ ಇರುತ್ತವೆಯೇ? ಇವರು ನಡುಮಧ್ಯಾಹ್ನ ಬಿಳಿ ಅಂಗಿ ಹಾಕಿಕೊಂಡು ಗೊನೆ ಕೊಯ್ಯುತ್ತಾರೆ. ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯಲ್ಲಿ ಕೊಯ್ಲು ಎಷ್ಟೋ ಸಲ ನಡುರಾತ್ರಿ ನಡೆಯುತ್ತದೆ. ಹಣೆಗೆ ದೀಪ ಕಟ್ಟಿಕೊಂಡು ಸಾಲುಸಾಲಾಗಿ ಕೆಲಸದವರು ಹೋಗುತ್ತಾರೆ. ಹಣ್ಣು ತಂಪಿದ್ದಾಗಲೇ ವೈನರಿ ಸೇರಬೇಕು, ಬಿಸಿಲು ಹತ್ತಿದರೆ ದಾರಿಯಲ್ಲೇ ಹುಳಿಯಲು ಶುರುವಾಗಬಹುದು. ಸಕ್ಕರೆ ಅಂಶ 24, 25 ಬ್ರಿಕ್ಸ್ ಬರುವ ತನಕ ಕಾಯುತ್ತಾರೆ. ನಮ್ಮಪ್ಪ ಮೀಟರ್ ಇದ್ದರೂ ಒಂದು ಮಣಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಇನ್ನೊಂದು ವಾರ" ಅನ್ನುತ್ತಿದ್ದರು, ನೆನಪಿದೆಯಾ? ಕೊಯ್ದ ಮೇಲೂ ಆತುರ ನಡೆಯುವುದಿಲ್ಲ. ಕ್ಯಾಬರ್ನೆ ಅನ್ನುವ ಒಳ್ಳೆಯ ಕೆಂಪು ವೈನ್ ಆದರೆ 225 ಲೀಟರಿನ ಓಕ್ ಬ್ಯಾರಲ್‌ನಲ್ಲಿ ಒಂದೂವರೆ, ಎರಡು ವರ್ಷ ಕೂರಬೇಕು. ಸಿನಿಮಾದಲ್ಲಿ ಊರ ಹಬ್ಬದ ಹೊತ್ತಿಗೆ ಬಾಟಲಿ ತಯಾರಾಗಿರುತ್ತದೆ.

ಆದರೂ ನೋಡುತ್ತೇನೆ. ಈಚೆಗೆ ಒಂದು ವಿಷಯ ಹೊಳೆಯಿತು. ನನಗೆ ಆ ಹುಡುಗ ಹುಡುಗಿಯ ಮೇಲೆ ಗಮನವೇ ಇರುವುದಿಲ್ಲ. ನಾನು ಕಾಯುವುದು ಎರಡು ಮನೆಯ ಹಿರಿಯರು ಎದುರುಬದುರಾಗುವ ಗಳಿಗೆಗೆ. ಮದುವೆಯದೋ ಸುಗ್ಗಿಯದೋ ಊಟ ನಡೆದಿರುತ್ತದೆ. ಒಬ್ಬರು ಬಾಟಲಿ ಹಿಡಿದು ಬರುತ್ತಾರೆ, ಇನ್ನೊಬ್ಬರು ಗ್ಲಾಸು ಮುಂದೆ ಮಾಡುತ್ತಾರೆ. ಎರಡು ನಿಮಿಷವೂ ಇರುವುದಿಲ್ಲ ಆ ದೃಶ್ಯ. ನಾನು ಹಿಂದಕ್ಕೆ ಓಡಿಸಿ ಮತ್ತೆ ನೋಡುತ್ತೇನೆ.

ನಿಜದ ಕಥೆ ಬೇರೆ ಥರ ನಡೆದಿದೆ ಬಸು. ಅದೂ ಈ ನಾಪಾದಲ್ಲೇ. ಇಟಲಿಯಿಂದ ಬಂದ ಚೆಸಾರೆ ಮೊಂಡಾವಿ 1943ರಲ್ಲಿ ಚಾರ್ಲ್ಸ್ ಕ್ರುಗ್ ಅನ್ನುವ ಹಳೆಯ ವೈನರಿ ಕೊಂಡರು. ಇಬ್ಬರು ಗಂಡುಮಕ್ಕಳು, ರಾಬರ್ಟ್ ಮತ್ತು ಪೀಟರ್. ಅಣ್ಣ ಮಾರಾಟ ನೋಡಿಕೊಳ್ಳುತ್ತಿದ್ದ, ತಮ್ಮ ವೈನ್ ಮಾಡುತ್ತಿದ್ದ. ಅಪ್ಪ 1959ರಲ್ಲಿ ತೀರಿಕೊಂಡ. ವೈಟ್ ಹೌಸಿನ ಊಟಕ್ಕೆ ಕರೆ ಬಂದಾಗ ರಾಬರ್ಟ್ ಹೆಂಡತಿಗೆ ದುಬಾರಿ ತುಪ್ಪಳದ ಕೋಟು ಕೊಡಿಸಿದ್ದ. ದುಡ್ಡು ಎಲ್ಲಿಂದ ಬಂತು ಅಂತ 1965ರಲ್ಲಿ ಒಂದು ದಿನ ತಮ್ಮ ಕೇಳಿದ. ಮಾತಿಗೆ ಮಾತು ಬೆಳೆದು ಅಣ್ಣ ಕೈ ಎತ್ತಿದ. ತಾಯಿ ರೋಸಾ ಚಿಕ್ಕವನ ಕಡೆ ನಿಂತರು. ರಾಬರ್ಟ್ ಹೊರಬಂದು 1966ರಲ್ಲಿ ಓಕ್‌ವಿಲ್‌ನಲ್ಲಿ ತನ್ನ ಹೆಸರಿನದೇ ವೈನರಿ ಕಟ್ಟಿದ. ಆಮೇಲೆ ಕೋರ್ಟು. 1976ರಲ್ಲಿ ರಾಬರ್ಟ್ ಪರವಾಗಿ ತೀರ್ಪು ಬಂತು. ರೋಸಾ ತೀರಿಕೊಂಡದ್ದೂ ಅದೇ ವರ್ಷ.

ಆ ಎರಡು ವೈನರಿ ಒಂದೇ ರಸ್ತೆಯಲ್ಲಿವೆ. ಕಾರಿನಲ್ಲಿ ಅರ್ಧ ಗಂಟೆ ಕೂಡ ಬೇಡ. ಅಣ್ಣ ತಮ್ಮ ಮತ್ತೆ ಸೇರಿ ವೈನ್ ಮಾಡಿದ್ದು 2005ರಲ್ಲಿ, ನಾಪಾದ ಧರ್ಮಾರ್ಥ ಹರಾಜಿಗೆ. ಎರಡೂ ಮನೆಯ ದ್ರಾಕ್ಷಿ ಬೆರೆಸಿ ಒಂದೇ ಒಂದು ಬ್ಯಾರಲ್. 4 ಲಕ್ಷ ಡಾಲರಿಗೂ ಮೇಲೆ ಹೋಯಿತು. ಆಗ ಇಬ್ಬರಿಗೂ 90ರ ಮೇಲೆ ವಯಸ್ಸು. ಮೂರು ವರ್ಷಕ್ಕೆ ರಾಬರ್ಟ್ ಹೋದ.

ನನ್ನ ತಲೆಯಲ್ಲಿ ಉಳಿದಿರುವುದು ಆ ತಾಯಿ. ಮಕ್ಕಳ ಆ ಬ್ಯಾರಲ್ ನೋಡಲು ಆಕೆ ಇರಲಿಲ್ಲ.

ನಮ್ಮ ಅಜ್ಜಿ ಇದ್ದಾರೆ. ಆರು ತಿಂಗಳು ಅಪ್ಪನ ಮನೆ, ಆರು ತಿಂಗಳು ಕಾಕಾನ ಮನೆ. ಟ್ರಂಕು ಹಿಡಿದು ಒಂದು ಬದು ದಾಟಿದರೆ ಮುಗಿಯಿತು. ಬೋರ್‌ವೆಲ್ಲಿನ ನೀರಿನ ಪಾಳಿಗೆ ಅಪ್ಪನಿಗೂ ಕಾಕಾನಿಗೂ ಶುರುವಾದ ಜಗಳ ಅದು. ಆ ಬೋರ್ ಬತ್ತಿ ಎಷ್ಟೋ ಕಾಲವಾಯಿತು, ಜಗಳಕ್ಕೆ ಮಾತ್ರ ಇನ್ನೂ ನೀರಿದೆ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವುದು, ಇಬ್ಬರೂ ಒಂದೇ ವಾರ ಮಾಡುತ್ತಾರೆ. ಒಣದ್ರಾಕ್ಷಿ ಶೆಡ್ಡಿನ ಬೆನ್ನಿಗೆ ಇನ್ನೊಬ್ಬರ ಶೆಡ್ಡಿದೆ. ಔಷಧ ಹೊಡೆಯುವ ದಿನ ಕೂಡ ಒಬ್ಬರನ್ನೊಬ್ಬರು ನೋಡಿಯೇ ಗೊತ್ತುಮಾಡುತ್ತಾರೆ. ಮಾತು ಮಾತ್ರ ಇಲ್ಲ. ಅಪ್ಪನಿಗೆ ಫೋನ್ ಮಾಡಿದಾಗ ಕಾಕಾನ ತೋಟ ಹೇಗಿದೆ ಅಂತ ಕೇಳಬೇಕು ಅನ್ನಿಸುತ್ತದೆ. ಕಾಕಾ ನನಗೆ ಸೈಕಲ್ ಕಲಿಸಿದವರು. ಅವರಿಗೆ ಫೋನ್ ಮಾಡಿದರೆ ಅಪ್ಪ ನೊಂದುಕೊಳ್ಳುತ್ತಾರೆ, ಮಾಡದಿದ್ದರೆ ಕಾಕಾ. ಹೀಗೆ ನಾನೂ ಆ ಬದುವಿನ ಮೇಲೆ ನಿಂತೇ ಬಿಟ್ಟಿದ್ದೇನೆ, ಇಷ್ಟು ದೂರ ಬಂದರೂ.

ಸಿನಿಮಾದಲ್ಲಿ ಮಕ್ಕಳ ಮದುವೆ ಎರಡು ಮನೆಯನ್ನು ಕೂಡಿಸುತ್ತದೆ. ನಮ್ಮದು ಒಂದೇ ಮನೆ. ಕೂಡಿಸಲು ಯಾರ ಮದುವೆ ಮಾಡುವುದು ಹೇಳು? ಅಜ್ಜಿ ಇರುವಾಗಲೇ ಒಂದೇ ಒಂದು ಸಲ ಇಬ್ಬರೂ ಒಂದು ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು. ನನಗೆ ಅಷ್ಟು ಸಾಕು. ರಾತ್ರಿ ನಿದ್ದೆ ಬಾರದೆ ಸೀನು ಹಿಂದಕ್ಕೆ ಓಡಿಸುವುದು ಇದಕ್ಕೇ ಅಂತ ಕಾಣುತ್ತದೆ.

ಸಾಕು, ಹತ್ತು ಜನ ಓದುವ ಕಾಗದದಲ್ಲಿ ಇಷ್ಟೆಲ್ಲ ಬೇಡ. ನೀನು ಹೇಗಿದ್ದೀಯ? ಪುಟ್ಟಿಗೆ ಹಲ್ಲು ಬಂತಾ? ಆ ಗುಲಾಬಿ ಶರ್ಟು ಇನ್ನೂ ಇದೆಯಾ, ಇದ್ದರೆ ದಯವಿಟ್ಟು ಯಾರಿಗೂ ಕೊಡಬೇಡ. ಮುಂದಿನ ತಿಂಗಳು ತಿಕೋಟಾ ಕಡೆ ಹೋದರೆ ನಮ್ಮ ತೋಟಕ್ಕೆ ಹೋಗಿ ಬಾ. ಅಪ್ಪ ಒಂದು ಚೀಲ ಒಣದ್ರಾಕ್ಷಿ ಕೊಡುತ್ತಾರೆ. ಹಾಗೇ ಬದು ದಾಟಿ ಕಾಕಾನ ಹತ್ತಿರವೂ ಒಂದು ಚೀಲ ತಗೋ. ಎರಡನ್ನೂ ಒಂದೇ ಡಬ್ಬಕ್ಕೆ ಸುರಿದು ನನಗೆ ಕಳಿಸು. ಕೊರಿಯರ್ ದುಡ್ಡು ನನ್ನದು. ಹಳೆಯ ಬಾಕಿಯ ಲೆಕ್ಕ ಇಲ್ಲಿ ಎತ್ತಬೇಡ, ಪಾಟೀಲ ಸರ್ ಕೂಡ ಓದುತ್ತಾರೆ.

ನಿನ್ನ,
ಮೂರನೇ ಬೆಂಚು