‘ಫ್ರೀ’ ಅಂದರೆ ಸಾಲದು, ಕೋಟೇಶನ್‌ನಲ್ಲಿ ಪೂರ್ತಿ ಬರೆಯಿರಿ

ಮಾನ್ಯ ಸಂಪಾದಕರೇ,

ಮಲ್ಪೆಯ ಒಂದು ಬೋಟ್ ಎಂಜಿನ್ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಲೆಕ್ಕ ಬರೆಯುವವಳು ನಾನು. ಈಚೆಗೆ ಉಡುಪಿ, ಮಂಗಳೂರಿನ ಅಂಗಡಿಗಳಿಗೆ ‘ಆಟೊಮೇಶನ್ ಮಾಡಿಕೊಡ್ತೇವೆ’ ಎಂದು ಬರುವವರು ಜಾಸ್ತಿಯಾಗಿದ್ದಾರೆ. ಆರ್ಡರ್ ಬಂದ ಕೂಡಲೇ ಶೀಟಿಗೆ ಏರುತ್ತದೆ, ಬಿಲ್ ಆಗುತ್ತದೆ, ಗಿರಾಕಿಗೆ ಮೆಸೇಜ್ ಹೋಗುತ್ತದೆ. ಕೆಲಸ ಒಳ್ಳೆಯದೇ. ಆದರೆ ಬಂದವರೆಲ್ಲ ಒಂದೇ ಪಾಠ ಒಪ್ಪಿಸುತ್ತಾರೆ: ‘ಕ್ಲೌಡ್ ಆದ್ರೆ ತಿಂಗಳು ತಿಂಗಳು ಬಾಡಿಗೆ, ನಿಮ್ಮದೇ ಸರ್ವರ್ ಆದ್ರೆ ಫ್ರೀ.’ ಕ್ಲೌಡ್ ಅಂದರೆ ಕಂಪನಿಯವರ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಮೂಲಕ ನಡೆಯುವುದು, ನಮ್ಮದೇ ಸರ್ವರ್ ಅಂದರೆ ಅಂಗಡಿಯ ಕಂಪ್ಯೂಟರಿನಲ್ಲೇ ನಡೆಯುವುದು.

ಬಾಡಿಗೆಯ ಲೆಕ್ಕ ಮೊದಲು ನೋಡೋಣ. ಝೇಪಿಯರ್, ಮೇಕ್, ಎನ್‌ಏಟ್‌ಎನ್ (n8n) ಇವೆಲ್ಲ ಇಂಥ ಆಟೊಮೇಶನ್ ಸಾಫ್ಟ್‌ವೇರ್‌ಗಳು, ಕ್ಲೌಡ್‌ನಲ್ಲಿ ಎಣಿಕೆ ನೋಡಿ ಬಾಡಿಗೆ. ಒಂದು ಆರ್ಡರಿಗೆ ಐದು ಕೆಲಸ ಆದರೆ ಝೇಪಿಯರ್ ಐದು ಎಂದು ಎಣಿಸುತ್ತದೆ. ಎನ್‌ಏಟ್‌ಎನ್‌ನ ಕ್ಲೌಡ್ ಅದನ್ನೇ ಒಂದು ಎಂದು ಎಣಿಸುತ್ತದೆ. ಮೇಕ್‌ನಲ್ಲಿ ಹೊಸ ಆರ್ಡರ್ ಬಂತಾ ಎಂದು ಶೀಟಿನಲ್ಲಿ ಇಣುಕಿ ನೋಡಿದ್ದಕ್ಕೂ ಒಂದು ಲೆಕ್ಕ. 15 ನಿಮಿಷಕ್ಕೊಮ್ಮೆ ನೋಡಿದರೆ ದಿನಕ್ಕೆ 96, ತಿಂಗಳಿಗೆ 2,880. ಮೀನುಗಾರಿಕೆ ನಿಷೇಧದ ಜೂನ್‌ನಲ್ಲಿ ನಮ್ಮಲ್ಲಿ ಆರ್ಡರೇ ಇರುವುದಿಲ್ಲ, ಆದರೂ ಎಣಿಕೆ ನಿಲ್ಲುವುದಿಲ್ಲ. ಜುಲೈ ಕೊನೆಗೆ ಬೋಟು ನೀರಿಗಿಳಿಸುವ ಗಡಿಬಿಡಿ ಶುರುವಾದಾಗ ಒಂದೇ ರಾತ್ರಿ ರಾಶಿ ಆರ್ಡರ್. ಇಂಥ ವ್ಯಾಪಾರಕ್ಕೆ ವರ್ಷದ ಪ್ಲಾನ್ ಯಾಕೆ? ಇನ್ನು, ಬಿಲ್ ಹಾಕುವುದು ವಿದೇಶದ ಕಂಪನಿಯಾದರೆ ರಿವರ್ಸ್ ಚಾರ್ಜ್‌ನಲ್ಲಿ 18% ಜಿಎಸ್‌ಟಿ ಮೊದಲು ನಾವೇ ಕಟ್ಟಿ, ಆಮೇಲೆ ಕ್ರೆಡಿಟ್ ತೆಗೆದುಕೊಳ್ಳಬೇಕು. ಇದನ್ನು ಮಾರುವವರು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಈಗ ‘ಫ್ರೀ’ ಸರ್ವರಿಗೆ ಬರೋಣ. ಎನ್‌ಏಟ್‌ಎನ್ ಅನ್ನು ನಮ್ಮ ಕಂಪ್ಯೂಟರಿನಲ್ಲೇ ಹಾಕಿಕೊಂಡು ನಮ್ಮ ವ್ಯಾಪಾರಕ್ಕೆ ಬಳಸಿದರೆ ಸಾಫ್ಟ್‌ವೇರಿಗೆ ದುಡ್ಡಿಲ್ಲ, ನಿಜ. ಆದರೆ ಆ ಕಂಪ್ಯೂಟರ್ ಇರುವುದು ಕರಾವಳಿಯಲ್ಲಿ. ಅಕ್ಟೋಬರ್ ಸಂಜೆ ಒಂದು ಗುಡುಗು ಕೇಳಿಸಿದರೆ ಸಾಕು, ನಮ್ಮ ಧಣಿ ಮೊದಲು ಮೋಡೆಮ್‌ನ ವೈರ್ ಕೀಳುತ್ತಾರೆ, ಆಮೇಲೆ ಕಂಪ್ಯೂಟರಿನ ಪ್ಲಗ್. ಅವರದ್ದು ತಪ್ಪಲ್ಲ, ಸಿಡಿಲಿಗೆ ಮೋಡೆಮ್ ಸುಟ್ಟುಹೋಗುವುದು ಇಲ್ಲಿ ಹೊಸತೇನಲ್ಲ. ಆದರೆ ಆ ಹೊತ್ತಿಗೆ ಬೋಟು ನಡೆಸುವ ತಾಂಡೇಲರು ಕಳಿಸಿದ ಆರ್ಡರನ್ನು ಹಿಡಿಯುವವರು ಯಾರು?

ಅದಕ್ಕೇ ನಾವು ಕೆಲಸವನ್ನು ಎರಡು ಪಾಲು ಮಾಡಿದೆವು. ಹೊರಗಿನಿಂದ ಬರುವ ಆರ್ಡರ್ ಹಿಡಿದು ಶೀಟಿಗೆ ಹಾಕುವುದು ಕ್ಲೌಡ್‌ನ ಕೆಲಸ, ಅಂಗಡಿಯಲ್ಲಿ ಕರೆಂಟ್ ಹೋದರೂ ಅದು ನಡೆಯುತ್ತದೆ. ಶೀಟಿನಿಂದ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿಗೆ ತರುವುದು ಅಂಗಡಿಯ ಕಂಪ್ಯೂಟರಿನ ಕೆಲಸ. ಟ್ಯಾಲಿ ಇರುವುದು ನಮ್ಮ ಮೇಜಿನ ಮೇಲೆಯೇ ಅಲ್ವಾ? ಸೆಟ್ಟಿಂಗ್ ಮಾಡಿಟ್ಟರೆ ಅದು ಸಾಮಾನ್ಯವಾಗಿ 9000 ಎಂಬ ಪೋರ್ಟಿನಲ್ಲಿ, ಅಂದರೆ ಕಂಪ್ಯೂಟರಿನ ಒಂದು ಬಾಗಿಲಿನಲ್ಲಿ, ಎಕ್ಸ್‌ಎಂಎಲ್ ರೂಪದ ಮಾಹಿತಿ ತೆಗೆದುಕೊಳ್ಳುತ್ತದೆ. ಕ್ಲೌಡ್‌ನವರು ನೇರವಾಗಿ ಅಲ್ಲಿಗೆ ಬರಬೇಕಾದರೆ ರೂಟರಿನಲ್ಲಿ ಆ ಪೋರ್ಟ್ ಹೊರಗಿನವರಿಗೆ ತೆರೆಯಬೇಕು. ಒಬ್ಬರು ಹಾಗೇ ಮಾಡೋಣ ಎಂದರು. ಖಾತೆ ಪುಸ್ತಕವನ್ನು ಬಂದರಿನ ಕಟ್ಟೆ ಮೇಲೆ ಇಟ್ಟು ಬಂದ ಹಾಗೆ ಅದು! ಈಗ ಒಳಗಿನ ಕಂಪ್ಯೂಟರೇ ಹೊರಗೆ ಹೋಗಿ ಶೀಟ್ ನೋಡಿ ಬರುತ್ತದೆ, ಯಾವ ಪೋರ್ಟೂ ತೆರೆದಿಲ್ಲ. ಪ್ಲಗ್ ಕಿತ್ತರೂ ಬೆಳಿಗ್ಗೆ ಬಾಕಿ ಬಿಲ್‌ಗಳು ಸಾಲಾಗಿ ಏರುತ್ತವೆ.

ನಮ್ಮ ಪಕ್ಕದವರ ಪಾಡು ಬೇರೆ. ಅವರಿಗೆ ಎನ್‌ಏಟ್‌ಎನ್ ಹಾಕಿಕೊಟ್ಟವರು ಊರು ಬಿಟ್ಟರು. ಬ್ಯಾಕಪ್ ಇತ್ತು, ಎನ್‌ಕ್ರಿಪ್ಶನ್ ಕೀ, ಅಂದರೆ ಗುಟ್ಟಿನ ಮಾಹಿತಿಯ ಬೀಗ ತೆಗೆಯುವ ಕೀ, ಇರಲಿಲ್ಲ. ಕೀ ಇಲ್ಲದೆ ಬ್ಯಾಕಪ್ಪಿನಲ್ಲಿರುವ ಪಾಸ್‌ವರ್ಡ್, ಟೋಕನ್ ಯಾವುದೂ ತೆರೆಯುವುದಿಲ್ಲ. ಎಲ್ಲ ಖಾತೆಗಳನ್ನೂ ಮತ್ತೆ ಜೋಡಿಸಬೇಕಾಯಿತು. ಕೆಲವರಂತೂ ತಮ್ಮ ಒಂದೇ ಸರ್ವರಿನಲ್ಲಿ ಎನ್‌ಏಟ್‌ಎನ್ ಇಟ್ಟು, ಹತ್ತಾರು ಅಂಗಡಿಗಳಿಗೆ ಲಾಗಿನ್ ಕೊಟ್ಟು ತಿಂಗಳ ಬಾಡಿಗೆ ವಸೂಲಿ ಮಾಡುತ್ತಾರೆ. ಅದರ ಲೈಸೆನ್ಸ್ ಇದಕ್ಕೆ ಒಪ್ಪುವುದಿಲ್ಲ, ಕಂಪನಿಯ ಜೊತೆ ಬೇರೆ ಒಪ್ಪಂದ ಬೇಕು. ಗಿರಾಕಿಯ ಅಂಗಡಿಗೇ ಬಂದು ಹಾಕಿಕೊಟ್ಟು ಕೂಲಿ ತೆಗೆದುಕೊಂಡರೆ ಅಡ್ಡಿಯಿಲ್ಲ.

ಹಾಗಾಗಿ ಈ ಕೆಲಸ ಮಾಡಿಕೊಡುವವರಲ್ಲಿ ನನ್ನ ಕೇಳಿಕೆ ಇಷ್ಟು. ಕೀ ಮತ್ತು ಡೊಮೈನ್ (ಇಂಟರ್ನೆಟ್ ವಿಳಾಸ) ಅಂಗಡಿಯವರ ಹೆಸರಿನಲ್ಲಿ, ಅವರ ಕೈಯಲ್ಲಿ ಇರುತ್ತದೆ ಎಂದು ಕೋಟೇಶನ್‌ನಲ್ಲೇ ಬರೆಯಿರಿ. ಅಪ್‌ಡೇಟ್ ಯಾರು ಹಾಕುತ್ತಾರೆ, ಅದಕ್ಕೆ ವರ್ಷಕ್ಕೆ ಎಷ್ಟು ಎಂದೂ ಬರೆಯಿರಿ. ದುಡ್ಡು ಕೊಡಲು ನಾವು ತಯಾರಿದ್ದೇವೆ. ಕೆನರಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಯಂಥವರು ಇದಕ್ಕೊಂದು ಮಾದರಿ ಕರಾರುಪತ್ರ ಕನ್ನಡದಲ್ಲಿ ಮಾಡಿಕೊಟ್ಟರೆ ಸಣ್ಣ ಅಂಗಡಿಯವರಿಗೆ ಉಪಕಾರವಾಗುತ್ತದೆ. ಜೂನ್‌ನಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು, ಆಗ ನಮಗೆ ಓದಲು ಪುರುಸೊತ್ತು ಇರುತ್ತದೆ.

— ಓದುಗಿ, ಮಲ್ಪೆ