ಕಪ್ಪು ಹೂವಿನ ಗಿಡವೆಂದು ಹಸಿರು ಹೂವಿನ ಗಿಡ ಕೊಟ್ಟ ಬಗ್ಗೆ ದೂರು

ದೂರು ವಿಭಾಗದವರಿಗೆ,

ನಮಸ್ಕಾರ. ಫೋನಿನಲ್ಲಿ ಹೇಳಿ ಆಯಿತು. ವಾಟ್ಸಾಪಿನಲ್ಲಿ ಫೋಟೊ ಕಳಿಸಿ ಆಯಿತು. ಇಮೇಲೂ ಆಯಿತು. ನಿನ್ನೆ ನಿಮ್ಮಿಂದ ಒಂದು ಮೆಸೇಜ್ ಬಂತು: "ನಿಮ್ಮ ದೂರು ತೃಪ್ತಿಕರವಾಗಿ ಬಗೆಹರಿದಿದೆ, ಟಿಕೆಟ್ ಕ್ಲೋಸ್ ಮಾಡಲಾಗಿದೆ, ನಮಗೆ ಎಷ್ಟು ಸ್ಟಾರ್ ಕೊಡುತ್ತೀರಿ?" ಯಾರಿಗೆ ತೃಪ್ತಿಯಾಯಿತೋ ಗೊತ್ತಿಲ್ಲ, ನನಗಂತೂ ಆಗಿಲ್ಲ. ಅದಕ್ಕೇ ಈ ಪತ್ರ. ಸಿಟ್ಟು ಮಾಡದೆ ಬರೆಯಬೇಕು ಅಂತಲೇ ಕೂತಿದ್ದೇನೆ, ನೋಡೋಣ.

ವಿಷಯ ಇಷ್ಟೇ. ನಿಮ್ಮ ಸೈಟಿನಲ್ಲಿ "ಫ್ರೆಡ್‌ಕ್ಲಾರ್ಕಿಯಾರಾ ಆಫ್ಟರ್ ಡಾರ್ಕ್, ಅಪರೂಪದ ಕಪ್ಪು ಆರ್ಕಿಡ್, ಹೂ ಬಿಡುವ ವಯಸ್ಸಿನ ಗಿಡ" ಅಂತ ಹಾಕಿದ್ದಿರಿ. 2,850 ರೂಪಾಯಿ, ಕೊರಿಯರ್ ಖರ್ಚು ಬೇರೆ. ನಾನು ಶಿರಸಿ ಹತ್ತಿರದವಳು. ನಮ್ಮ ಕಡೆ ಮರದ ಮೇಲೆ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್ ತಾನಾಗಿಯೇ ಜೋತು ಬಿದ್ದು ಹೂ ಬಿಡುತ್ತದೆ, ಯಾರೂ ಅದಕ್ಕೆ ದುಡ್ಡು ಕೊಡುವುದಿಲ್ಲ. ಆದರೂ ನಾನು ಕೊಟ್ಟೆ. ಯಾಕೆಂದರೆ ಕ್ಯಾಟಸೀಟಮ್, ಕ್ಲೊವೀಸಿಯಾ, ಮಾರ್ಮೋಡಿಸ್ ಅಂತ ಮೂರು ಆರ್ಕಿಡ್ ಕುಲ ಬೆರೆಸಿ ಮಾಡಿದ ಆ ಕಪ್ಪು ಹೂವನ್ನು ಒಂದು ಸಲವಾದರೂ ನಮ್ಮ ಮನೆ ಜಗುಲಿಯಲ್ಲಿ ನೋಡಬೇಕು ಅಂತ ಆಸೆ ಇತ್ತು.

ಪೆಟ್ಟಿಗೆ ಬಂದಾಗ ಒಳಗಿದ್ದದ್ದು ಎಲೆಯಿಲ್ಲದ ಗಡ್ಡೆ. ಎಲೆ ಉದುರಿದ ಜಾಗದಲ್ಲಿ ಮುಳ್ಳು. ಮನೆಯವರು ಇದು ಸತ್ತಿದೆ ಅಂದರು. ಸತ್ತಿಲ್ಲ, ಚಳಿಗಾಲದಲ್ಲಿ ಇದು ಮಲಗುತ್ತದೆ ಅಂತ ನಾನೇ ನಿಮ್ಮ ಪರವಾಗಿ ವಾದ ಮಾಡಿದೆ. ಈ ಜಾತಿ ಎಷ್ಟು ತಾಳ್ಮೆ ಕೇಳುತ್ತದೆ ಅಂತ ಮಾರುವ ನಿಮಗೆ ಗೊತ್ತಿರಬೇಕು, ಅಲ್ವಾ? ಚಿಗುರು ಕಂಡ ತಕ್ಷಣ ನೀರು ಹಾಕಲು ಕೈ ತುರಿಸುತ್ತದೆ, ಹಾಕುವ ಹಾಗಿಲ್ಲ. ಹೊಸ ಬೇರು ಮೂರ್ನಾಲ್ಕು ಇಂಚು ಇಳಿಯುವ ತನಕ ಕಾಯಬೇಕು. ಆಮೇಲೆ ಉಲ್ಟಾ, ಆ ಕೆಲವೇ ತಿಂಗಳಲ್ಲಿ ಗಡ್ಡೆ ತುಂಬಬೇಕು, ಹಾಗಾಗಿ ನೀರು, ಗೊಬ್ಬರ, ಬೆಳಕು ಎಲ್ಲ ಜಾಸ್ತಿ. ಅದೂ ನಮ್ಮೂರ ಮಳೆಗಾಲದಲ್ಲಿ! ಚಿಗುರಿನ ಸುಳಿಯಲ್ಲಿ ನೀರು ನಿಂತರೆ ಕೊಳೆಯುತ್ತದೆ ಅಂತ ಮಾಡಿನ ಕೆಳಗೆ ಇಟ್ಟು, ಬೆಳಕು ಸಾಲದು ಅಂತ ಮತ್ತೆ ಆಚೆ ಇಟ್ಟು, ಎಲೆಯಡಿ ನುಸಿ ಬಂದಿದೆಯಾ ಅಂತ ಕನ್ನಡಕ ಹಾಕಿಕೊಂಡು ನೋಡಿ ಬೆಳೆಸಿದ್ದೇನೆ. ಮೊದಲ ವರ್ಷ ಹೂ ಬರಲಿಲ್ಲ. "ಹೂ ಬಿಡುವ ವಯಸ್ಸು" ಅಂದಿದ್ದಿರಿ, ಇರಲಿ, ಪ್ರಯಾಣದ ಸುಸ್ತು ಅಂದುಕೊಂಡೆ. ಎಲೆ ಉದುರಿತು, ಮತ್ತೆ ಮಲಗಿತು, ಮತ್ತೆ ಎದ್ದಿತು.

ಈ ವರ್ಷ ದೀಪಾವಳಿ ಹತ್ತಿರ ಬರುವಾಗ ಗಡ್ಡೆಯ ಬುಡದಲ್ಲಿ ಹೂದಂಟು ಕಂಡಿತು. ಕಪ್ಪು ಹೂ ಅರಳುತ್ತದೆ, ಹಬ್ಬಕ್ಕೆ ಬಂದವರು ನೋಡಿ ಹೋಗಿ ಅಂತ ನೆಂಟರಿಗೆಲ್ಲ ಹೇಳಿಬಿಟ್ಟಿದ್ದೆ. ಅರಳಿತು. ಹಸಿರು! ದಂಟಿನ ತುಂಬ ಎಳೆ ಹಸಿರು ಹೂ, ನಡುವೆ ಹಳದಿ ಚೀಲ. ಕಪ್ಪು ಬಿಡಿ, ಒಂದು ಕೆಂಪು ಚುಕ್ಕೆಯೂ ಇಲ್ಲ.

ಇನ್ನು ಆ ಫೋನಿನ ಕಥೆ. ನಿಮ್ಮ ರೆಕಾರ್ಡಿಂಗಿನಲ್ಲಿ ಇದ್ದೇ ಇರುತ್ತದೆ, ಆದರೂ ಪೂರ್ತಿ ಬರೆಯುತ್ತೇನೆ.

ಸಿಗ್ನಲ್ ಸಿಗುವುದು ಜಗುಲಿಯಲ್ಲಿ ಮಾತ್ರ, ಅದೂ ಸ್ಪೀಕರ್ ಹಾಕಿದರೆ. ಜಗುಲಿ ತುಂಬ ಹಬ್ಬಕ್ಕೆ ಬಂದ ನೆಂಟರು. ನಿಮ್ಮ ಹುಡುಗ ಫೋನ್ ಎತ್ತಿ ಆರ್ಡರ್ ನಂಬರ್ ಕೇಳಿದ, ಹೇಳಿದೆ.

"ಮೇಡಂ, ಗಿಡ ಬದುಕಿದೆಯಾ?"

"ಬದುಕಿದೆ."

"ಹೂ ಬಿಟ್ಟಿಲ್ವಾ?"

"ಬಿಟ್ಟಿದೆಯಪ್ಪಾ, ಅದೇ ತೊಂದರೆ."

"ಹೂ ಬಿಟ್ಟಿದ್ದು ತೊಂದರೆನಾ ಮೇಡಂ?"

ಇಲ್ಲಿಗೆ ನನ್ನ ನಾದಿನಿ ನಗಲು ಶುರು ಮಾಡಿದಳು. ಬಣ್ಣ ಬೇರೆ ಅಂತ ವಿವರಿಸಿದೆ. ಅನ್‌ಬಾಕ್ಸಿಂಗ್ ವಿಡಿಯೊ ಇದೆಯಾ ಅಂದ. ಇದೆ, ಆದರೆ ಅದರಲ್ಲಿ ಬರೀ ಗಡ್ಡೆ ಇದೆ ಅಂದೆ. "ಹಾಗಾದ್ರೆ ಬಣ್ಣದ ವಿಷಯ 48 ಗಂಟೆ ಒಳಗೆ ಹೇಳ್ಬೇಕಿತ್ತು ಮೇಡಂ." ಆಮೇಲೆ ಹೋಲ್ಡ್. ಕೊಳಲಿನ ಸಂಗೀತ. ಅದು ಎಷ್ಟು ಹೊತ್ತು ನಡೆಯಿತು ಎಂದರೆ, ನಮ್ಮ ಯಜಮಾನರು ಒಳಗಿನಿಂದ ಬಂದು ರೇಡಿಯೊದಲ್ಲಿ ಯಾರ ಕಾರ್ಯಕ್ರಮ ಅಂತ ಕೇಳಿದರು.

ಕೊಳಲು ಮುಗಿದ ಮೇಲೆ ನಿಮ್ಮ "ಸೀನಿಯರ್ ಪ್ಲಾಂಟ್ ಎಕ್ಸ್‌ಪರ್ಟ್" ಬಂದರು. ಸಗಣಿ ಗೊಬ್ಬರ ಹಾಕಿದ್ದೀರಾ, ಅದಕ್ಕೇ ಬಣ್ಣ ಬದಲಾಗಿದೆ ಅಂದರು. ಇಲ್ಲ ಅಂದೆ. ನಿಮ್ಮೂರ ಮಳೆಗೆ ಹಾಗಾಗುತ್ತದೆ ಅಂದರು. ಅದೂ ನಡೆಯದಾಗ ದನಿ ಎತ್ತರಿಸಿದರು: "ನೋಡಿ ಆಂಟಿ, ಈ ಜಾತಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ನಿಮಗೆ ಬಂದಿರೋದು ಹೆಣ್ಣು. ಇದೆಲ್ಲ ನಿಮಗೆ ಅರ್ಥ ಆಗಲ್ಲ, ಮನೇಲಿ ಓದಿದವರು ಯಾರಾದ್ರೂ ಇದ್ರೆ ಫೋನ್ ಕೊಡಿ."

ಜಗುಲಿಯಲ್ಲಿ ನನ್ನ ಹಳೆಯ ಶಿಷ್ಯೆಯೊಬ್ಬಳು ಮಗುವನ್ನು ಎತ್ತಿಕೊಂಡು ಕೂತಿದ್ದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ಮಾರಾಯ್ರೆ. ಹೂವಿನ ಭಾಗಗಳನ್ನು ಅವಳಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದ್ದು ನಾನೇ. ಅವಳು ತಲೆ ತಗ್ಗಿಸಿ ಮಗುವಿನ ಅಂಗಿ ಸರಿ ಮಾಡುತ್ತಾ ಕೂತಳು. ನಾನು ಏನೂ ಹೇಳದೆ ಫೋನ್ ಇಟ್ಟೆ. ಆಗ ಹೇಳದಿದ್ದದ್ದನ್ನು ಈಗ ಹೇಳುತ್ತೇನೆ, ಆ ಎಕ್ಸ್‌ಪರ್ಟಿಗೂ ಓದಿ ಹೇಳಿ. ಓದಿದವರು ಯಾರಾದ್ರೂ ಅಲ್ಲಿದ್ದರೆ.

ಕ್ಯಾಟಸೀಟಮ್‌ನಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ ಅನ್ನುವುದು ನಿಜ. ಬಿಸಿಲು ಜಾಸ್ತಿ ಸಿಕ್ಕಿದರೆ ಹೆಣ್ಣು ಹೂ ಬರುವುದು ಹೆಚ್ಚು ಅನ್ನುವುದೂ ನಿಜ. ಈ ಎರಡು ಹೂ ಎಷ್ಟು ಬೇರೆ ಎಂದರೆ, ಹಿಂದೆ ಸಸ್ಯಶಾಸ್ತ್ರಜ್ಞರೇ ಇವುಗಳಿಗೆ ಬೇರೆ ಬೇರೆ ಕುಲದ ಹೆಸರಿಟ್ಟಿದ್ದರು. ದಕ್ಷಿಣ ಅಮೆರಿಕದ ಗಯಾನಾದಲ್ಲಿ ಶೋಂಬರ್ಗ್ ಎಂಬವರಿಗೆ ಬೇರೆ ಬೇರೆ ಕುಲದ್ದು ಅಂದುಕೊಂಡಿದ್ದ ಹೂಗಳು ಒಂದೇ ಗಿಡದಲ್ಲಿ ಕಂಡಾಗ ಎಲ್ಲರಿಗೂ ತಲೆ ಕೆಟ್ಟಿತ್ತು. 1862ರಲ್ಲಿ ಡಾರ್ವಿನ್ ಅದನ್ನು ಬಿಡಿಸಿ ಹೇಳಿದರು. ಅಂದರೆ ನಿಮ್ಮ ಎಕ್ಸ್‌ಪರ್ಟ್ ನನಗೆ ಕೊಟ್ಟದ್ದು ಹೊಸ ಸುದ್ದಿಯೇನಲ್ಲ.

ಹೆಣ್ಣು ಹೂ ದಪ್ಪ, ಟೊಪ್ಪಿಗೆ ಕವುಚಿದ ಆಕಾರ, ಒಂದು ದಂಟಿನಲ್ಲಿ ಕೆಲವೇ ಇರುತ್ತವೆ. ಗಂಡು ಹೂವಿನೊಳಗೆ ಮೀಸೆಯಂಥ ಎರಡು ಎಳೆ ಇರುತ್ತವೆ. ಈ ಗಿಡದ ತವರಿನಲ್ಲಿ ಪರಿಮಳಕ್ಕೆ ಬರುವ ಒಂದು ಜಾತಿಯ ಗಂಡು ಜೇನು ಆ ಎಳೆಗೆ ತಾಗಿದರೆ ಸಾಕು, ಪರಾಗದ ಉಂಡೆ ಹಾರಿ ಅದರ ಬೆನ್ನಿಗೆ ಅಂಟುತ್ತದೆ. ಆವತ್ತು ರಾತ್ರಿ ಟಾರ್ಚ್ ಹಿಡಿದು ನನ್ನ ಗಿಡದ ಹತ್ತಿರ ಹೋದೆ. ಬೆಂಕಿಕಡ್ಡಿಯ ತುದಿಯನ್ನು ಆ ಎಳೆಗೆ ಮೆಲ್ಲಗೆ ತಾಗಿಸಿದೆ. ಫಟ್ ಅಂತ ಹಾರಿತು. ಹಳದಿ ಉಂಡೆ, ಹಿಂದೆ ಸಣ್ಣ ಅಂಟು ಬಾಲ, ಬಂದು ನನ್ನ ಹೆಬ್ಬೆರಳ ಉಗುರಿಗೆ ಕೂತಿತು. ಕೆರೆದರೂ ಬಿಡಲೊಲ್ಲದು. ಶಿಷ್ಯೆಯ ಕೈಯಲ್ಲಿ ಇನ್ನೊಂದು ಹೂ ಮುಟ್ಟಿಸಿ ವಿಡಿಯೊ ಮಾಡಿಸಿದ್ದೇನೆ, ಲಗತ್ತಿಸಿದೆ. ಹೆಣ್ಣು ಹೂ ಹೀಗೆ ಉಂಡೆ ಹಾರಿಸುವುದಿಲ್ಲ ಸ್ವಾಮಿ. ಇದು ಗಂಡು ಹೂವೇ. ನಿಮ್ಮ ಸೈಟಿನ ಕಪ್ಪು ಹೂವಿನ ಫೋಟೊವೂ ಗಂಡು ಹೂವಿನದೇ. ಗಂಡಿಗೆ ಗಂಡು ಹೋಲಿಸಿದರೆ ಒಂದು ಕಪ್ಪು, ಒಂದು ಹಸಿರು. ನೀವು ಕೊಟ್ಟದ್ದು ಬೇರೆ ಗಿಡ. ಮುಗಿಯಿತು.

ಈಗ ಆ 48 ಗಂಟೆ. ಗಿಡದ ಹೆಸರು ಸರಿಯೋ ತಪ್ಪೋ ಅಂತ ಹೂ ಬಂದ ಮೇಲೆ ತಾನೇ ಗೊತ್ತಾಗುವುದು? ಮಂಗಳಾ ತಳಿಯ ಅಡಿಕೆ ಸಸಿ ಅಂತ ಯಾವುದೋ ಸಸಿ ಮಾರಿ, ಎರಡು ದಿನದಲ್ಲಿ ಅಡಿಕೆ ಗೊನೆ ತೋರಿಸಿದರೆ ಮಾತ್ರ ದುಡ್ಡು ವಾಪಸ್ ಅಂದ ಹಾಗಾಯಿತು ಇದು. 48 ಗಂಟೆಯ ನಿಯಮ ದಾರಿಯಲ್ಲಿ ಮುರಿದ, ಕೊಳೆತ ಗಿಡಕ್ಕೆ. ಹೆಸರು ತಪ್ಪಿದ್ದರೆ ಏನು ಮಾಡಬೇಕು ಅಂತ ನಿಮ್ಮದೇ "ಟ್ರೂ ಟು ನೇಮ್" ಗ್ಯಾರಂಟಿಯಲ್ಲಿ ಇದೆ. ಬರೆದವರು ನೀವು, ನಾನು ಮತ್ತೆ ಬರೆಯುವುದಿಲ್ಲ. ನೀವು ಕೊಡುತ್ತೇವೆ ಅಂದ 200 ರೂಪಾಯಿ ಕೂಪನ್ನಿನ ಮಾತು ಅದರಲ್ಲಿ ಎಲ್ಲೂ ಇಲ್ಲ. ಆ ಕೂಪನ್ ನಿಮ್ಮ ಎಕ್ಸ್‌ಪರ್ಟಿಗೇ ಕೊಡಿ, ಒಂದು ಆರ್ಕಿಡ್ ಕೊಂಡು ಹೂ ನೋಡಲಿ.

ನನಗೆ ಪೂರ್ತಿ ದುಡ್ಡು ಕೊರಿಯರ್ ಖರ್ಚಿನ ಸಮೇತ ವಾಪಸ್ ಬೇಕು. ಇಲ್ಲವೇ ಹೂವಿರುವ ಸರಿಯಾದ ಗಿಡ ಬೇಕು. ಮತ್ತೆ ಬರೀ ಗಡ್ಡೆ ಕಳಿಸಿ ಕಾಯಿರಿ ಅನ್ನುವ ಆಟ ನಡೆಯುವುದಿಲ್ಲ. ಆ ಫೋನ್ ಕರೆಗೆ ಲಿಖಿತ ಕ್ಷಮೆಯೂ ಬೇಕು.

ಕೊಡುವುದಿಲ್ಲ ಅಂತೀರಾ? ಒಳ್ಳೆಯದೇ ಆಯಿತು. 2020ರ ಇ-ಕಾಮರ್ಸ್ ನಿಯಮಗಳಲ್ಲಿ ಜಾಹೀರಾತಿನಂತೆ ಇಲ್ಲದ ಮಾಲನ್ನು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವ ಹಾಗಿಲ್ಲ. ದೂರು ಬಂತು ಅಂತ ನೀವು ಒಪ್ಪಿಕೊಳ್ಳಲು ಅಲ್ಲೂ 48 ಗಂಟೆಯೇ ಇದೆ, ಬಗೆಹರಿಸಲು ಒಂದು ತಿಂಗಳು. ಆ 48 ಗಂಟೆ ನಿಮಗೆ ನೆನಪಿರಲಿಲ್ಲ ಅನ್ನಿಸುತ್ತದೆ. ದೂರು ಅಧಿಕಾರಿಯ ಹೆಸರು ಸೈಟಿನಲ್ಲಿ ಹಾಕಬೇಕು ಅಂತಲೂ ಇದೆ, ನಿಮ್ಮಲ್ಲಿ ಹುಡುಕಿದರೆ ಸಿಕ್ಕಿದ್ದು ಕ್ಯಾಕ್ಟಸ್ ಆಫರ್. 2019ರ ಗ್ರಾಹಕ ಕಾಯ್ದೆಯಲ್ಲಿ ನಾನಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಈಗಾಗಲೇ ಫೋನ್ ಮಾಡಿದ್ದೇನೆ. ನನಗೆ ಪೆನ್ಶನ್ ಬರುತ್ತದೆ, ಬೇಕಾದಷ್ಟು ಪುರುಸೊತ್ತಿದೆ, ಮಕ್ಕಳ ಉತ್ತರ ಪತ್ರಿಕೆ ತಿದ್ದಿದ ಕೆಂಪು ಪೆನ್ನೂ ಇದೆ. ನಿಮ್ಮ ಗ್ಯಾರಂಟಿ ಪುಟವನ್ನು ಪ್ರಿಂಟ್ ತೆಗೆದು ಅದರಲ್ಲೇ ಗೆರೆ ಎಳೆದಿಟ್ಟಿದ್ದೇನೆ.

ಕೇಸು ಹಾಕಿದ ಮೇಲೆ ನಾನು ಬರೀ 2,850 ಕೇಳುವುದಿಲ್ಲ. ಪೆಟ್ಟಿಗೆ ಒಡೆದ ದಿನದಿಂದ ಬಳಸಿದ ಗೊಬ್ಬರ, ಪಾಚಿ, ನುಸಿ ಔಷಧಿ, ಎಲ್ಲದರ ರಸೀದಿ ಡಬ್ಬಿಯಲ್ಲಿದೆ. ಗಿಡವನ್ನೂ ವಾಪಸ್ ಕೊಡುವುದಿಲ್ಲ, ಅದು ನನ್ನ ಸಾಕ್ಷಿ. ನಿಮ್ಮ ವಕೀಲರು ಬರುವಾಗ ಆ ಎಕ್ಸ್‌ಪರ್ಟನ್ನೂ ಕಾರವಾರಕ್ಕೆ ಕರೆದುಕೊಂಡು ಬರಲಿ, ಹೆಣ್ಣು ಹೂ ಯಾವುದು ಅಂತ ನಮ್ಮ ಜಿಲ್ಲೆಯ ಗ್ರಾಹಕ ಆಯೋಗದ ಮುಂದೆ ತೋರಿಸಲಿ. ಬೆಂಕಿಕಡ್ಡಿ ನಾನೇ ತರುತ್ತೇನೆ.

ಇಂತಿ,
ನೀವು "ಆಂಟಿ" ಅಂದ ಗ್ರಾಹಕಿ
(ಆರ್ಡರ್ ನಂಬರ್ ನಿಮ್ಮಲ್ಲಿದೆ, ಪ್ರತಿ ಸಲವೂ ಕೇಳಿ ಬರೆದುಕೊಂಡಿದ್ದೀರಿ)